ಏಳು, ಎಂಟು, ಒಂಬತ್ತು

ದೀಪಾವಳಿಗೆ ಬೆಳಗಾವಿಗೆ ಬಂದಿದ್ದ ತಂಗಿಯ ಮಗ ಪಡಸಾಲೆಯ ಗೋಡೆಗೊರಗಿ ಕೂತು, ಬಲಗಾಲನ್ನು ಎಡತೊಡೆಯ ಮೇಲೇರಿಸಿಕೊಂಡು, ದಾಡಿ ಬ್ಲೇಡಿನಿಂದ ಅಂಗಾಲು ಹೆರೆಯುತ್ತಿದ್ದ. ಹೆಬ್ಬೆರಳ ಬುಡದಲ್ಲಿ ಹಳದಿ ಜಡ್ಡು. ಕಿರುಬೆರಳಿನ ಮೇಲೆ ಕಾರ್ನ್ ಕ್ಯಾಪ್ ಅಂಟಿಸಿ ಕಿತ್ತಿದ್ದ ಜಾಗದಲ್ಲಿ ಚರ್ಮ ಬೆಳ್ಳಗೆ ಬೆಂದಿತ್ತು. ಹೊಸಕೋಟೆಯ ಕಡೆ ಆನ್‌ಲೈನ್ ಸಾಮಾನಿನ ದೊಡ್ಡ ಗೋದಾಮೊಂದರಲ್ಲಿ ಅವನಿಗೆ ಕೆಲಸ. ಪಾಳಿ ಮುಗಿಯುವ ತನಕ ಕಪಾಟಿನಿಂದ ಕಪಾಟಿಗೆ ನಡೆದದ್ದೇ ನಡೆದದ್ದು, ಅದೂ ಬೆರಳಿನ ಮೇಲೆ ಉಕ್ಕಿನ ಟೋಪಿ ಇರುವ ಸೇಫ್ಟಿ ಬೂಟು ಹಾಕಿಕೊಂಡು.

“ಲೇ, ಬ್ಲೇಡ್ ಕೆಳಗಿಡು,” ಅಂದ ಮಾಮಾ.

“ಏನಾಗಂಗಿಲ್ಲ ಮಾಮಾ. ಬೂಟ್ ಹೊಸಾವ ಅದಾವ. ಕಾಲಿಗೆ ರೂಢಿ ಆಗೋತನಕ ಹಿಂಗ ಅಂತಾರ ನಮ್ಮ ಸೂಪರ್ವೈಸರ್ ಸಾಹೇಬ್ರು.”

ಕಾಲಿಗೆ ರೂಢಿಯಾಗಬೇಕು. 1984ರಲ್ಲಿ ಇದೇ ಮಾತನ್ನು, ಇಷ್ಟೇ ಖಾತ್ರಿಯ ದನಿಯಲ್ಲಿ, ಉದ್ಯಮಬಾಗದ ಒಂದು ಫೌಂಡ್ರಿಯ ಸ್ಟೋರ್ ಕಿಟಕಿಯ ಮುಂದೆ ನಿಂತು ಮಾಮಾನೂ ಕೇಳಿಸಿಕೊಂಡಿದ್ದ. ಆಗ ಅವನಿಗೆ ಹದಿನೆಂಟು. ಅಥಣಿ ಕಡೆಯ ಹಳ್ಳಿಯಿಂದ ಬಂದ, ಕಾಲೇಜು ಅರ್ಧಕ್ಕೆ ಬಿಟ್ಟ ಹುಡುಗ. ಅಲ್ಲಿಯವರೆಗೆ ಅವನು ಕಾಲಿಗೆ ಬೂಟು ಹಾಕಿದವನೇ ಅಲ್ಲ.

ಉದ್ಯಮಬಾಗದಲ್ಲಿ ಆ ದಿನಗಳಲ್ಲಿ ಯಾವ ಓಣಿ ಹೊಕ್ಕರೂ ಸುಟ್ಟ ಮರಳಿನ ವಾಸನೆ. ಪಂಪಿನ ಕವಚ, ಮೋಟಾರಿನ ಮೈ, ಲಾರಿ ಟ್ರ್ಯಾಕ್ಟರುಗಳ ಬಿಡಿಭಾಗ, ಎಲ್ಲಕ್ಕೂ ಬೀಡು ಕಬ್ಬಿಣದ ಎರಕ ಬೇಕು. ಹುಡುಗ ಸೇರಿದ ಫೌಂಡ್ರಿಯಲ್ಲಿ ಒಂದು ಕುಪೋಲಾ ಇತ್ತು. ಕೋಕ್, ಕಚ್ಚಾ ಕಬ್ಬಿಣ, ಸುಣ್ಣಕಲ್ಲುಗಳನ್ನು ಪದರ ಪದರವಾಗಿ ತುಂಬಿ, ಗಾಳಿ ಊದಿ, ಕೆಳಗಿನ ಬಾಯಿ ಒಡೆದರೆ ಸುಮಾರು 1,400 ಡಿಗ್ರಿಯ ರಸ ಹರಿದು ಬರುತ್ತಿತ್ತು. ಅದನ್ನು ಲೇಡಲ್‌ಗೆ ಹಿಡಿದು, ಅದರ ಉದ್ದ ಹಿಡಿಕೆಯನ್ನು ಇಬ್ಬರು ಆ ತುದಿ ಈ ತುದಿ ಎತ್ತಿ, ಹೆಜ್ಜೆಗೆ ಹೆಜ್ಜೆ ಕೂಡಿಸಿಕೊಂಡು, ಮರಳಿನ ಪೆಟ್ಟಿಗೆಗಳ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ನಡೆಯಬೇಕು. ಒಬ್ಬ ಕುಂಟಿದರೆ ಇನ್ನೊಬ್ಬನ ಮೈಮೇಲೆ ರಸ ಚೆಲ್ಲುತ್ತದೆ. ಹಾಗಾಗಿ ಅಲ್ಲಿ ಕಾಲುನೋವು ಒಬ್ಬನ ಖಾಸಗಿ ವಿಷಯವಾಗಿರಲಿಲ್ಲ. ಆದರೂ ಅದರ ಬಗ್ಗೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಬೂಟುಗಳು ಗೋಣಿಚೀಲದಲ್ಲಿ ಬರುತ್ತಿದ್ದವು. ಏಳು, ಎಂಟು, ಒಂಬತ್ತು. ಆರು ಇಲ್ಲ, ಹತ್ತು ಇಲ್ಲ, ಏಳೂವರೆಯಂತೂ ಯಾರೂ ಕೇಳಿಯೇ ಇರಲಿಲ್ಲ. ಹುಡುಗನ ಪಾದ ಉದ್ದಕ್ಕೆ ಆರು, ಅಗಲಕ್ಕೆ ಎಂಟು. ಸ್ಟೋರ್ ನೋಡಿಕೊಳ್ಳುತ್ತಿದ್ದ ಹಿರಿಯರು ತಲೆಯೆತ್ತದೆ ಎಂಟರ ಜೊತೆಯೊಂದನ್ನು ಕಿಟಕಿಯಾಚೆ ದೂಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರು. “ದೊಡ್ಡದಾದ್ರ ಚಿಂದಿ ತುಂಬಕೊ. ಸಣ್ಣದಾದ್ರ ಕಾಲು ರೂಢಿ ಆಗತೈತಿ.” ಅವರು ಕೆಟ್ಟವರೇನಲ್ಲ. ಹಬ್ಬಕ್ಕೆ ಮುಂಗಡ ಬೇಕಾದಾಗ ಮಾಲೀಕರ ಹತ್ತಿರ ಹೋಗಿ ಹುಡುಗರ ಪರ ಮಾತಾಡುತ್ತಿದ್ದದ್ದೂ ಅವರೇ. ಬೂಟಿಗೂ ಕಾಲಿಗೂ ಲೆಕ್ಕ ಕೂಡಬೇಕು ಎಂಬ ಮಾತು ಮಾತ್ರ ಅವರ ರಿಜಿಸ್ಟರಿನಲ್ಲಿ ಇರಲಿಲ್ಲ.

ನಮ್ಮಲ್ಲಿ ನಡೆಯುವುದು ಬ್ರಿಟಿಷ್ ನಂಬರು. ಒಂದು ನಂಬರಿಗೂ ಮುಂದಿನ ನಂಬರಿಗೂ ಇಂಚಿನ ಮೂರನೇ ಒಂದು ಪಾಲು, ಅಂದರೆ ಎಂಟೂವರೆ ಮಿಲಿಮೀಟರಿನಷ್ಟು ಅಂತರ. ಒಂದು ಬಾರ್ಲಿ ಕಾಳಿನ ಉದ್ದ ಅಂತ ಹಳೇ ಇಂಗ್ಲೆಂಡಿನಲ್ಲಿ ಹಿಡಿದ ಲೆಕ್ಕ ಅದು. ಅದು ಹೇಳುವುದು ಉದ್ದವನ್ನು ಮಾತ್ರ. ಪಾದ ಎಷ್ಟು ಅಗಲ, ಮುಂಗಾಲು ಎಷ್ಟು ಎತ್ತರ ಎಂಬುದಕ್ಕೆ ಆ ನಂಬರಿನಲ್ಲಿ ಜಾಗವೇ ಇಲ್ಲ. ಅಗಲ ಪಾದದವನು ಅಗಲಕ್ಕಾಗಿ ದೊಡ್ಡ ನಂಬರು ತೊಟ್ಟರೆ ಉದ್ದ ಹೆಚ್ಚಾಗಿ ಹಿಮ್ಮಡ ಜಾರುತ್ತದೆ. ಉದ್ದಕ್ಕೆ ಸರಿಯಾದದ್ದನ್ನು ತೊಟ್ಟರೆ ಕಿರುಬೆರಳು ಹಿಸುಕಿಹೋಗುತ್ತದೆ. ಹುಡುಗನಿಗೆ ಮೊದಲನೆಯದು ಸಿಕ್ಕಿತು.

ಫೌಂಡ್ರಿ ಬೂಟು ಸಡಿಲ ಇರಬೇಕಾದದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದು ಸರಿಯಾದ ಕಾರಣವೇ. ರಸದ ಒಂದು ಹನಿ ಬೂಟಿನೊಳಗೆ ಇಳಿದರೆ, ದಾರ ಬಿಚ್ಚುತ್ತ ಕೂಡಲು ಸಮಯ ಇರುವುದಿಲ್ಲ. ಒಂದೇ ಏಟಿಗೆ ಕಾಲು ಝಾಡಿಸಿ ಬೂಟು ಕಿತ್ತೆಸೆಯಬೇಕು. ಎರಕದ ಕೆಲಸಕ್ಕೆ ಒಳ್ಳೆಯ ಬೂಟಿನಲ್ಲಿ ದಾರ ಹೊರಗೆ ಕಾಣುವುದೇ ಇಲ್ಲ. ಕಣಕಾಲಿನ ಹತ್ತಿರ ಬಿಗಿಯಾಗಿ ಹಿಡಿದು, ಬೇಕೆಂದಾಗ ತಟ್ಟನೆ ಬಿಡುವ ಪಟ್ಟಿ ಇರುತ್ತದೆ. ಇಲ್ಲಿ ಪಟ್ಟಿಯೂ ಇಲ್ಲ, ಬಿಗಿಯೂ ಇಲ್ಲ. ಸಡಿಲ ಬೂಟು ಉದುರದಂತೆ ಬೆರಳುಗಳನ್ನು ಒಳಗೇ ಮಡಚಿ ಹಿಡಿದು ನಡೆಯುವುದನ್ನು ಎಲ್ಲರೂ ತಮಗರಿವಿಲ್ಲದೆ ಕಲಿತಿದ್ದರು. ಮಡಚಿದ ಬೆರಳಿನ ಗೆಣ್ಣು ಮೇಲಿನ ಉಕ್ಕಿಗೆ ತಾಗುತ್ತದೆ. ಪಾದದ ಮುಂಭಾಗ ಹೆಜ್ಜೆಹೆಜ್ಜೆಗೂ ಅಟ್ಟೆಯ ಮೇಲೆ ಹಿಂದೆ ಮುಂದೆ ಉಜ್ಜುತ್ತದೆ.

ಚರ್ಮಕ್ಕೆ ಗೊತ್ತಿರುವ ಉಪಾಯ ಒಂದೇ. ಒಂದು ಜಾಗದಲ್ಲಿ ಒತ್ತಡ, ಉಜ್ಜಾಟ ದಿನವೂ ಬಿದ್ದರೆ ಅಲ್ಲಿನ ಜೀವಕೋಶಗಳು ಬೇಗಬೇಗ ಹುಟ್ಟಿ, ಮೇಲಿನ ಸತ್ತ ಪದರ ಉದುರುವುದು ಕಡಿಮೆಯಾಗಿ, ಪದರದ ಮೇಲೆ ಪದರ ಕಟ್ಟುತ್ತದೆ. ಅಗಲವಾಗಿ ಹರಡಿ ಕೂತರೆ ಜಡ್ಡು. ಎಲುಬಿನ ತುದಿಯ ಮೇಲೆ, ಗೆಣ್ಣಿನ ಮೇಲೆ ಒಂದೇ ಬಿಂದುವಿಗೆ ಒತ್ತಿದರೆ ನಡುವೆ ಗಟ್ಟಿ ತಿರುಳು ಕಟ್ಟಿ ಒಳಮುಖವಾಗಿ ಚುಚ್ಚುವ ಆಣಿ. ಒಂದೇ ಏಟಿಗೆ ಹೆಚ್ಚು ಉಜ್ಜಿದರೆ ಜಡ್ಡು ಕಟ್ಟಲು ಪುರುಸೊತ್ತೇ ಇಲ್ಲದೆ ನೀರು ತುಂಬಿದ ಬೊಬ್ಬೆ. ಹುಡುಗನಿಗೆ ಮೊದಲ ವಾರ ಬೊಬ್ಬೆ ಬಂತು, ಮಳೆಗಾಲದ ಹೊತ್ತಿಗೆ ಜಡ್ಡು, ಬನಶಂಕರಿ ಜಾತ್ರೆಗೆ ರಜೆ ಕೇಳುವ ಹೊತ್ತಿಗೆ ಎಡ ಕಿರುಬೆರಳಿನ ಮೇಲೆ ಆಣಿ.

ಇದಕ್ಕೆ ಅಲ್ಲಿ ಮರ್ಯಾದೆ ಇತ್ತು. ಊಟದ ಬಿಡುವಿನಲ್ಲಿ ಬೂಟು ಕಳಚಿ ಗೋಡೆಯ ನೆರಳಿಗೆ ಕೂತಾಗ ಹಳಬರು ಅಂಗಾಲು ತೋರಿಸುತ್ತಿದ್ದರು. ಎಲ್ಲರಿಗಿಂತ ಮೇಲು ಮೋಲ್ಡಿಂಗ್ ಮೇಸ್ತ್ರಿ. ಅವರು ಸೇದಿದ ಬೀಡಿಯನ್ನು ತಮ್ಮ ಅಂಗಾಲಿಗೇ ಒತ್ತಿ ಆರಿಸುತ್ತಿದ್ದರು. ಒಮ್ಮೆ ಸಂಜೆ ಬೂಟು ಕೊಡವಿದಾಗ ಮರಳಿಗೆ ಚುಚ್ಚುವ ಮೊಳೆಯೊಂದು ಟಣ್ಣೆಂದು ಬಿತ್ತು, ಅಂಗಾಲಿನಲ್ಲಿ ಅದರ ತೂತು. ಬೆಳಿಗ್ಗೆಯಿಂದ ಅದರ ಮೇಲೆಯೇ ನಡೆದಿದ್ದರು, ಗೊತ್ತೇ ಆಗಿರಲಿಲ್ಲ. “ಹದಿನೈದು ವರ್ಷದ ಕಾಲು ಇವು,” ಎಂದು ಅವರು ನಕ್ಕರು. ಹುಡುಗರು ಬೆರಗಾಗಿ ನೋಡಿದರು. ಅಂಥ ಕಾಲು ತನಗೂ ಬರಲಿ ಎಂದು ಅಂದು ಆಸೆಪಟ್ಟವರಲ್ಲಿ ಇವನೂ ಒಬ್ಬ.

ಊರಲ್ಲಿ ಗಟ್ಟಿ ಅಂಗಾಲು ಯಾರಿಗೆ ಇರಲಿಲ್ಲ? ಅವನ ಅವ್ವ ಜೋಳದ ಕೂಳೆ ನಿಂತ ಹೊಲದಲ್ಲಿ ಬರಿಗಾಲಲ್ಲೇ ಓಡಾಡಿದವಳು. ಅವಳ ಅಂಗಾಲು ದಪ್ಪ, ಆದರೆ ಇಡೀ ಅಂಗಾಲು ಒಂದೇ ಸಮ. ಕತ್ತಲಲ್ಲಿ ಮನೆಯೊಳಗೆ ಕಾಲಿಗೆ ಒಂದು ಸೂಜಿ ತಾಗಿದರೂ ಅವಳಿಗೆ ಗೊತ್ತಾಗುತ್ತಿತ್ತು. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ನಿಕೊಲಸ್ ಹೊಲೊವ್ಕಾ, ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಕೀನ್ಯಾದಲ್ಲಿ ಬರಿಗಾಲಲ್ಲಿ ನಡೆಯುವವರನ್ನೂ ಬೂಟು ಹಾಕುವವರನ್ನೂ ಹೋಲಿಸಿ ನೋಡಿದಾಗ ಬರಿಗಾಲಿನವರ ಅಂಗಾಲಿನ ಚರ್ಮ ಹೆಚ್ಚು ದಪ್ಪ, ಹೆಚ್ಚು ಗಡಸು. ಆದರೆ ನೆಲದ ಸೂಕ್ಷ್ಮ ಕಂಪನ ತಿಳಿಯುವ ಶಕ್ತಿ ಅದರಿಂದ ಕಡಿಮೆಯಾಗಿರಲಿಲ್ಲ. ಗಡಸು ಚರ್ಮ ಕಂಪನವನ್ನು ಒಳಗಿನ ನರಕ್ಕೆ ಹಾಗೇ ಮುಟ್ಟಿಸುತ್ತದೆ. ಇದನ್ನು ಓದಿದ ದಿನ ಮಾಮಾನಿಗೆ ಮೊದಲು ಅವ್ವನ ನೆನಪಾಯಿತು. ಆಮೇಲೆ, ಸ್ವಲ್ಪ ತಡವಾಗಿ, ಮೇಸ್ತ್ರಿಯ ಮೊಳೆ ನೆನಪಾಯಿತು. ಜಡ್ಡು ಎಷ್ಟೇ ದಪ್ಪವಿದ್ದರೂ ಚರ್ಮ ತೂತಾಗುವಂತೆ ಚುಚ್ಚಿದ ಮೊಳೆ ದಿನವಿಡೀ ಗೊತ್ತಾಗದೆ ಇರಬೇಕಾದರೆ ಅದಕ್ಕೆ ಕಾರಣ ಜಡ್ಡಲ್ಲ. ಅಲ್ಲಿ ನರವೇ ಸೋತಿರಬೇಕು.

ಊರಿನ ಸಮಗಾರರದು ಬೇರೆಯದೇ ಪದ್ಧತಿ. ಅಥಣಿ, ನಿಪ್ಪಾಣಿ ಸುತ್ತಿನ ಹಳ್ಳಿಗಳಲ್ಲಿ ತಯಾರಾಗುವ, ಹೊರಗೆ ಕೊಲ್ಹಾಪುರಿ ಎಂದೇ ಹೆಸರಾದ ಮೆಟ್ಟುಗಳಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳ ಹೆಸರೂ ಸೇರಿತು. ಆ ಮನೆಗಳ ಅಂಗಳಕ್ಕೆ ಹೋದರೆ ಮೊದಲು ಕಾಲನ್ನು ತೊಗಲಿನ ಮೇಲೆ ಇಡಿಸಿ, ಸುತ್ತ ಗೀಟು ಎಳೆದು, ಹೆಬ್ಬೆರಳಿನ ಉಂಗುರದ ಅಳತೆಯನ್ನು ಬೇರೆ ತೆಗೆದುಕೊಳ್ಳುತ್ತಿದ್ದರು. ಎರಡು ಕಾಲಿಗೂ ಬೇರೆ ಬೇರೆ ಗೀಟು, ಏಕೆಂದರೆ ಯಾರ ಎರಡು ಪಾದವೂ ಒಂದೇ ಅಳತೆಯವಲ್ಲ. ಹೊಸ ಮೆಟ್ಟು ಕಚ್ಚುತ್ತಿತ್ತು, ನಿಜ. ಎಣ್ಣೆ ಸವರಿ ಇಟ್ಟರೆ ನಾಲ್ಕು ದಿನಕ್ಕೆ ಪಾದಕ್ಕೆ ಕೂಡಿಕೊಳ್ಳುತ್ತಿತ್ತು. ಊರಿನ ಎಲ್ಲರ ಪಾದದ ಅಳತೆ ಬಲ್ಲ ಆ ಕೈಗಳಿಗೆ ಊರಿನ ಅರ್ಧ ಮನೆಗಳ ಹೊಸ್ತಿಲು ದಾಟುವ ಹಕ್ಕಿರಲಿಲ್ಲ, ಅದನ್ನು ಬಿಟ್ಟು ಈ ನೆನಪನ್ನು ಬರೀ ಸಿಹಿಯಾಗಿ ಹೇಳಿದರೆ ಅರ್ಧ ಸುಳ್ಳಾಗುತ್ತದೆ.

ತೊಗಲು ಪಾದಕ್ಕೆ ಮಣಿಯುತ್ತದೆ, ಉಕ್ಕು ಮಣಿಯುವುದಿಲ್ಲ. ಕೆಲಸದ ಬೂಟಿನ ತಕರಾರಿನಲ್ಲಿ ಮುಕ್ಕಾಲು ಪಾಲು ಇಲ್ಲೇ ಇದೆ. ಈಗಿನ ಭಾರತೀಯ ಮಾನಕ ಐಎಸ್ 15298ರ ಪ್ರಕಾರ ಸೇಫ್ಟಿ ಬೂಟಿನ ಟೋಪಿ 200 ಜೂಲ್ ಏಟು ತಡೆಯಬೇಕು. ಇಪ್ಪತ್ತು ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬೆರಳ ಮೇಲೆ ಬಿದ್ದಂತೆ ಅದು. ಎರಕದ ಪೆಟ್ಟಿಗೆ ಕಾಲಿಗೆ ಬಿದ್ದು ಹೆಬ್ಬೆರಳು ಉಳಿಸಿಕೊಂಡವರನ್ನು ಮಾಮಾ ಕಣ್ಣಾರೆ ಕಂಡಿದ್ದಾನೆ. ಆದ್ದರಿಂದ ಬೂಟೇ ಬೇಡ ಎನ್ನುವ ಮಾತು ಅವನ ಬಾಯಲ್ಲಿ ಬರುವುದಿಲ್ಲ. ಆದರೆ ಆ ಟೋಪಿ ಹಿಗ್ಗುವಂಥದ್ದಲ್ಲ. ಅಂಗಡಿಯಲ್ಲಿ ಬೆರಳಿಗೆ ತಾಗಿದರೆ ಹತ್ತು ವರ್ಷದ ಮೇಲೂ ತಾಗುತ್ತದೆ.

ಈ ವಿಷಯದಲ್ಲಿ ಫೌಂಡ್ರಿಯ ಗೇಟಿನ ಕಾವಲುಗಾರರೊಬ್ಬರದು ಸ್ವಂತ ಶಾಸ್ತ್ರ. ಮರಾಠಾ ಲೈಟ್ ಇನ್‌ಫಂಟ್ರಿಯಿಂದ ನಿವೃತ್ತರಾದ ಹವಾಲ್ದಾರರು, ಬೆಳಗಾವಿಯಲ್ಲಿ ಅವರ ರೆಜಿಮೆಂಟಿನ ಕೇಂದ್ರವೇ ಇದೆಯಲ್ಲ. ಹೊಸ ಬೂಟು ಹಾಕಿಕೊಂಡು ನೀರಿನಲ್ಲಿ ನಿಲ್ಲಬೇಕು, ತೊಗಲು ನೆನೆದ ಮೇಲೆ ಅದು ಕಾಲಲ್ಲೇ ಒಣಗುವ ತನಕ ನಡೆಯಬೇಕು ಎನ್ನುವುದು ಅವರ ಉಪದೇಶ. ಬಹಳ ವರ್ಷಗಳ ಮೇಲೆ, ಫೌಂಡ್ರಿ ಬಿಟ್ಟು ಹುಬ್ಬಳ್ಳಿಯಲ್ಲಿ ಪತ್ರಿಕೆಯ ಕೆಲಸಕ್ಕೆ ಸೇರಿದ ಮೇಲೆ, ಮಾಮಾನಿಗೆ ಈ ಶಾಸ್ತ್ರದ ಮೂಲದ ಒಂದು ಎಳೆ ಸಿಕ್ಕಿತು. ಎಡ್ವರ್ಡ್ ಮನ್ಸನ್ ಎಂಬ ಅಮೆರಿಕದ ಸೇನಾ ವೈದ್ಯ ಸುಮಾರು ಎರಡು ಸಾವಿರ ಸೈನಿಕರ ಪಾದಗಳನ್ನು ನೋಡಿ 1912ರಲ್ಲಿ ಸೈನಿಕನ ಪಾದ ಮತ್ತು ಬೂಟಿನ ಬಗ್ಗೆಯೇ ಒಂದು ಪುಸ್ತಕ ಬರೆದ. ಅದೇ ವರ್ಷ ಅಮೆರಿಕದ ಸೇನೆ ಹೊರಡಿಸಿದ ಆದೇಶದಲ್ಲಿ ಹವಾಲ್ದಾರರ ಮಾತು ಹೆಚ್ಚು ಕಡಿಮೆ ಹಾಗೇ ಇದೆ. ಎರಡೂವರೆ ಇಂಚು ನೀರಿನಲ್ಲಿ ಐದು ನಿಮಿಷ ನಿಲ್ಲುವುದು, ಆಮೇಲೆ ಸಮತಟ್ಟು ನೆಲದ ಮೇಲೆ ಒಂದು ತಾಸು ನಡೆಯುವುದು. ಅದಕ್ಕಿಂತ ಜಾಣತನದ್ದು ಅಳತೆಯ ನಿಯಮ. ಸೈನಿಕ ಬೆನ್ನ ಮೇಲೆ ನಲವತ್ತು ಪೌಂಡ್ ಹೊರೆ ಹೊತ್ತು, ಮೈಭಾರವನ್ನೆಲ್ಲ ಒಂದೇ ಕಾಲಿಗೆ ಹಾಕಿ ನಿಂತಾಗ ಅಳತೆ ತೆಗೆಯಬೇಕು. ಭಾರ ಬಿದ್ದ ಪಾದ ಹರಡುತ್ತದೆ, ಬೂಟು ಬೇಕಾಗಿರುವುದು ಆ ಹರಡಿದ ಪಾದಕ್ಕೆ.

ಹವಾಲ್ದಾರರ ನೀರಿನ ವಿದ್ಯೆ ಫೌಂಡ್ರಿಗೆ ಮಾತ್ರ ಹೊಂದುವಂಥದ್ದಾಗಿರಲಿಲ್ಲ. ಕರಗಿದ ಕಬ್ಬಿಣ ಹಸಿಯ ಮೇಲೆ ಬಿದ್ದರೆ ನೀರು ಕ್ಷಣದಲ್ಲಿ ಆವಿಯಾಗಿ ರಸ ಸಿಡಿಯುತ್ತದೆ. ಹಸಿ ಬೂಟಿನಲ್ಲಿ ಕುಪೋಲಾದ ಹತ್ತಿರ ಬಂದ ಒಬ್ಬ ಹುಡುಗನನ್ನು ಮೇಸ್ತ್ರಿ ಕೊರಳಪಟ್ಟಿ ಹಿಡಿದು ಹೊರಗೆ ದೂಡಿದ್ದರು.

ಉಳಿದದ್ದು ಮನೆಮದ್ದು. ಎಕ್ಕದ ಹಾಲು ಹಚ್ಚು ಅಂದವರು ಒಬ್ಬರು. ಕೇರಿನ ಬೀಜ ಕಾಸಿ ಅದರ ಎಣ್ಣೆಯ ಚುಕ್ಕೆ ಇಡು ಅಂದವರು ಇನ್ನೊಬ್ಬರು. ಎರಡೂ ಸುಡುತ್ತವೆ, ಜಡ್ಡಿನ ಜೊತೆ ಸುತ್ತಲಿನ ಎಳೆ ಚರ್ಮವನ್ನೂ ಸುಡುತ್ತವೆ. ಕೋರ್ ಮಾಡುವ ವಿಭಾಗದ ಒಬ್ಬಾತ ಕೇರೆಣ್ಣೆ ಹಚ್ಚಿಕೊಂಡು ಪಾದ ಬುರಬುರನೆ ಊದಿ ಹದಿನೈದು ದಿನ ಪಗಾರ ಕಳೆದುಕೊಂಡ. ಅವನ ಆಣಿ ಮಾತ್ರ ಗಾಯ ಮಾಯ್ದ ಮೇಲೆ ಅದೇ ಜಾಗದಲ್ಲಿ ಮತ್ತೆ ಎದ್ದಿತು.

ಇಎಸ್‌ಐ ದವಾಖಾನೆಯ ಡಾಕ್ಟರರ ಹತ್ತಿರ ಹುಡುಗ ಹೋದದ್ದು ಆಣಿಗಾಗಿ ಅಲ್ಲ, ಜ್ವರಕ್ಕೆ. ಕುಂಟುತ್ತ ಬಂದದ್ದನ್ನು ಅವರು ನೋಡಿದರು. ಮಂಚದ ಮೇಲೆ ಮಲಗಿಸಿ, ಅಂಗಾಲಿಗೆ ದೀಪ ತಿರುಗಿಸಿ, ಮೊದಲು ಬೆರಳಿನಿಂದ ಗಟ್ಟಿಯಾಗಿ ಒತ್ತಿದರು, ಆಮೇಲೆ ಎರಡೂ ಬದಿಯಿಂದ ಚಿವುಟಿದರು. ಒತ್ತಿದಾಗ ಹುಡುಗ ಚೀರಿದ, ಚಿವುಟಿದಾಗ ಸುಮ್ಮನಿದ್ದ. “ಆಣಿನ. ನರುಲಿ ಅಲ್ಲ,” ಅಂದರು. ನರುಲಿ ವೈರಸ್ಸಿನಿಂದ ಬರುವಂಥದ್ದು. ಅದನ್ನು ಚಿವುಟಿದರೆ ಹೆಚ್ಚು ನೋವು, ಅದರ ಮೇಲೆ ಚರ್ಮದ ಗೆರೆಗಳು ಮುರಿದುಹೋಗಿರುತ್ತವೆ, ಒಳಗೆ ಸಣ್ಣ ಕರಿ ಚುಕ್ಕೆಗಳು ಕಾಣುತ್ತವೆ. ಜಡ್ಡಿನ ಮೇಲೆ ಗೆರೆಗಳು ಹಾಗೇ ಸಾಗುತ್ತವೆ. ಇಷ್ಟನ್ನು ಅವರು ಪಾಠ ಹೇಳುವ ಮೇಷ್ಟ್ರ ಹಾಗೆ ಹೇಳುತ್ತ, ಕುದಿಸಿದ ಸ್ಕಾಲ್ಪೆಲ್ ತೆಗೆದುಕೊಂಡು ಕಿರುಬೆರಳಿನ ಮೇಲಿನ ಪದರವನ್ನು ತೆಳ್ಳಗೆ ತೆಳ್ಳಗೆ ಎತ್ತಿದರು. ಒಂದು ಹನಿ ರಕ್ತ ಇಲ್ಲ. ಕೊನೆಗೆ ಚೂರಿಯ ತುದಿಯಲ್ಲಿ, ನೆನೆದ ಸಾಬೂದಾನಿಯಂಥ ಅರೆಪಾರದರ್ಶಕ ಗುಂಡೊಂದು ಎದ್ದು ಬಂತು. ಹುಡುಗನನ್ನು ಇಷ್ಟು ದಿನ ಕುಂಟಿಸಿದ್ದು ಅದೇ.

“ಬೂಟ್ ಎಲ್ಲಿ?”

ಹೊರಗಿತ್ತು. ತರಿಸಿದರು. ಕೈಗವಸು ಹಾಕದೆ, ಆ ಬೆವರಿನ ಕತ್ತಲೆಯೊಳಗೆ ಮೊಳಕೈ ತನಕ ಕೈ ಇಳಿಸಿ, ಕಣ್ಣು ಮುಚ್ಚಿ ತಡವಿದರು. ಆಮೇಲೆ ಹುಡುಗನ ಕೈ ಹಿಡಿದು ಅದೇ ಜಾಗಕ್ಕೆ ಮುಟ್ಟಿಸಿದರು. ಉಕ್ಕಿನ ಟೋಪಿ ಮುಗಿಯುವ ಅಂಚು, ಅದರ ಮೇಲಿನ ಒಳಬಟ್ಟೆ ಸವೆದು ಹರಿದಿತ್ತು. ಅಂಚು ಎಲ್ಲಿ ತಾಗುತ್ತಿತ್ತೋ ಅಲ್ಲೇ ಆಣಿ. ಅಟ್ಟೆಯಲ್ಲಿ ಬೆವರು ಕಪ್ಪಾಗಿ ಹೊಳಪೇರಿದ ಮಚ್ಚೆ ಎಲ್ಲಿತ್ತೋ ಅಲ್ಲೇ ಜಡ್ಡು. “ನಾ ಇವತ್ತ ತಗದೀನಿ. ಇದನ್ನ ಬಿಟ್ಟಿ ಅಂದ್ರ ತಿಂಗಳೊಪ್ಪತ್ತಿನಾಗ ಮತ್ತ ಬರತೈತಿ,” ಎಂದರು, ಬೂಟನ್ನು ಮೇಜಿನ ಮೇಲೆ ಕುಕ್ಕಿ. ಚರ್ಮದ ಮೇಲ್ಪದರ ಹೊಸದಾಗಿ ಹುಟ್ಟಿ ಮೇಲೆ ಬಂದು ಉದುರಲು ಹೆಚ್ಚು ಕಡಿಮೆ ಒಂದು ತಿಂಗಳೇ ಬೇಕು, ಹಾಗಾಗಿ ಅದು ಬಾಯಿಮಾತಿಗೆ ಹೇಳಿದ ಲೆಕ್ಕ ಆಗಿರಲಿಲ್ಲ.

ಆ ಡಾಕ್ಟರರಿಂದ ಕಲಿತದ್ದನ್ನು, ಆಮೇಲೆ ಓದಿ ಕೇಳಿ ತಿಳಿದದ್ದನ್ನು ಸೇರಿಸಿ ಮಾಮಾ ತಂಗಿಯ ಮಗನಿಗೆ ಹೇಳಿದ್ದು ಹೀಗೆ. ಬೂಟು ಕೊಳ್ಳುವುದು ಸಂಜೆ, ಕಾಲು ದಿನದ ಕೆಲಸಕ್ಕೆ ಊದಿಕೊಂಡಾಗ. ಕೆಲಸಕ್ಕೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನೋಡಬೇಕು. ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಉಳಿಯಬೇಕು, ಎರಡು ಕಾಲಲ್ಲಿ ದೊಡ್ಡದರ ಅಳತೆ ಹಿಡಿಯಬೇಕು. ಕುಕ್ಕರಗಾಲಲ್ಲಿ ಕೂತು ಎದ್ದು, ಇಳಿಜಾರಿನಲ್ಲಿ ನಡೆದು ನೋಡಬೇಕು. ಇಳಿಯುವಾಗ ಬೆರಳು ಟೋಪಿಗೆ ಬಡಿದರೆ ಆ ಬೂಟು ಬೇಡ. ಹಿಮ್ಮಡ ಏಳುತ್ತಿದ್ದರೆ ದಾರವನ್ನು ಕಣಕಾಲಿನ ಹತ್ತಿರದ ಕೊನೇ ತೂತಿನಲ್ಲಿ ಕುಣಿಕೆ ಮಾಡಿ ಬಿಗಿಯಬೇಕು, ಮುಂಗಾಲಿನ ಮೇಲೆ ಸಡಿಲ ಬಿಡಬೇಕು. ಗೋದಾಮಿನ ಕೆಲಸಕ್ಕೆ ದಾರ ಬಿಗಿದರೆ ತೊಂದರೆ ಇಲ್ಲ, ಅಲ್ಲಿ ಕಾದ ರಸವೇನೂ ಬೀಳುವುದಿಲ್ಲ. ತೆಳ್ಳನೆ ಹತ್ತಿಯ ಕಾಲುಚೀಲ ಬೆವರು ಕುಡಿದು ಹಾಗೇ ಕೂಡುತ್ತದೆ, ಹಸಿ ಚರ್ಮ ಬೇಗ ಉಜ್ಜಿಹೋಗುತ್ತದೆ. ಉಣ್ಣೆ ಬೆರೆತದ್ದೋ ಬೆವರು ಹೊರಹಾಕುವ ದಾರದ್ದೋ ಒಳ್ಳೆಯದು, ನಡು ಪಾಳಿಯಲ್ಲಿ ಇನ್ನೊಂದು ಜೊತೆಗೆ ಬದಲಿಸಿದರೆ ಮತ್ತೂ ಒಳ್ಳೆಯದು.

“ಎರಡು ಜೋಡಿ ಬೂಟ್ ಇಟಗೊಂಡು ದಿನಬಿಟ್ಟು ದಿನ ಹಾಕ್ಕೊ, ಒಂದು ಒಣಗತಿರತೈತಿ,” ಎಂದಾಗ ಅಳಿಯ ನಕ್ಕ. “ಒಂದ ಜೋಡಿ ಕೊಡಿಸೂದಕ್ಕ ಎಚ್ಆರ್‌ನವ್ರು ಮೂರು ಮೇಲ್ ಕಳಿಸ್ಯಾರ ಮಾಮಾ.”

ಚಿಕಿತ್ಸೆಯ ಮಾತು ಅದಕ್ಕಿಂತ ಚಿಕ್ಕದು. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕಾಲಿಟ್ಟು, ಮೆತ್ತಗಾದ ಜಡ್ಡನ್ನು ಕಾಲು ತಿಕ್ಕುವ ಕಲ್ಲಿನಿಂದ ಹಗುರವಾಗಿ ತಿಕ್ಕುವುದು. ಒಂದೇ ದಿನಕ್ಕೆ ಮುಗಿಸುವ ಆತುರ ಬೇಡ, ಗುಲಾಬಿ ಬಣ್ಣ ಕಾಣುವ ಮುಂಚೆ ನಿಲ್ಲಿಸಬೇಕು. ಒರೆಸಿ, ಯೂರಿಯಾ ಇರುವ ಕ್ರೀಮು ಹಚ್ಚಿ ಮಲಗುವುದು. ಬೆರಳ ಸಂದಿಗೆ ಕ್ರೀಮು ಬೇಡ, ಅಲ್ಲಿ ಮೊದಲೇ ಹಸಿ. ಆಣಿಯ ಸುತ್ತ ನಡುವೆ ತೂತಿರುವ ಫೆಲ್ಟಿನ ಬಿಲ್ಲೆ ಅಂಟಿಸಿದರೆ ಒತ್ತಡ ಪಕ್ಕಕ್ಕೆ ಹರಿದುಹೋಗುತ್ತದೆ. ಕಾರ್ನ್ ಕ್ಯಾಪಿನಲ್ಲಿರುವುದು ಸ್ಯಾಲಿಸಿಲಿಕ್ ಆಮ್ಲ, ಸಾಮಾನ್ಯವಾಗಿ ನೂರಕ್ಕೆ ನಲವತ್ತರ ಪ್ರಮಾಣದಲ್ಲಿ. ಅದು ಸತ್ತ ಚರ್ಮವನ್ನು ಕರಗಿಸುತ್ತದೆ, ಜರುಗಿ ಪಕ್ಕಕ್ಕೆ ಕೂತರೆ ಒಳ್ಳೆಯ ಚರ್ಮವನ್ನೂ ಬೇಯಿಸುತ್ತದೆ. ಅಳಿಯನ ಕಿರುಬೆರಳಿಗೆ ಆದದ್ದು ಅದೇ. ಸಕ್ಕರೆ ಕಾಯಿಲೆ ಇರುವವರು, ಕಾಲಿನಲ್ಲಿ ರಕ್ತ ಓಡಾಟ ಕಡಿಮೆ ಇರುವವರು ಈ ಕ್ಯಾಪನ್ನೂ ಬ್ಲೇಡನ್ನೂ ಮುಟ್ಟಲೇಬಾರದು, ಸೀದಾ ಡಾಕ್ಟರ ಹತ್ತಿರ ಹೋಗಬೇಕು.

ಈ ಕೊನೆಯ ಮಾತು ಬಂದಾಗ ಮಾಮಾನ ದನಿ ಏರಿತು. ಮೇಸ್ತ್ರಿಯ ಕಾರಣಕ್ಕೆ.

ಆ ಕಾಲದಲ್ಲಿ ಫೌಂಡ್ರಿಯ ಯಾರೂ ಸಕ್ಕರೆ ಪರೀಕ್ಷೆ ಮಾಡಿಸಿಕೊಂಡವರಲ್ಲ. ಶುಗರ್ ಅಂದರೆ ಕೂತು ತಿನ್ನುವವರ ರೋಗ ಎಂದು ನಂಬಿದ್ದರು. ದಿನಾ ಮಣಭಾರ ಹೊರುವ ಮೇಸ್ತ್ರಿಗೆ ಅದು ಬಂದಿರಬಹುದೆಂದು ಯಾರಿಗೆ ಹ್ಯಾಗೆ ಹೊಳೆಯಬೇಕು? ನಾಲ್ಕೈದು ವರ್ಷಗಳ ಮೇಲೆ ಅವರ ಬಲಗಾಲ ಹೆಬ್ಬೆರಳ ಬುಡದ ದಪ್ಪ ಜಡ್ಡಿನ ಕೆಳಗೆ ಕೀವು ತುಂಬಿತು. ಮೇಲೆ ಜಡ್ಡು ಮುಚ್ಚಿದ್ದರಿಂದ ಯಾರಿಗೂ ಕಾಣಲಿಲ್ಲ, ನೋವು ಇಲ್ಲದ್ದರಿಂದ ಅವರಿಗೂ ತಿಳಿಯಲಿಲ್ಲ. ವಾಸನೆ ಬಂದ ಮೇಲೆ ಗೊತ್ತಾಯಿತು. ಎರಡು ಬೆರಳು ಹೋದವು. ಜಡ್ಡು ಕಾಲನ್ನು ಕಾಯುತ್ತದೆ ಎಂದು ಅವರೂ ನಂಬಿದ್ದರು, ಅವರನ್ನು ನೋಡಿ ಹುಡುಗರೂ ನಂಬಿದ್ದರು. ಸಂಗತಿ ಉಲ್ಟಾ ಇದೆ. ಸೋತ ನರದ ಕಾಲಿನಲ್ಲಿ ಜಡ್ಡೇ ಬೂಟಿನೊಳಗಿನ ಇನ್ನೊಂದು ಹರಳಾಗಿ ಒತ್ತುತ್ತದೆ. 1992ರಲ್ಲಿ ಇಂಗ್ಲೆಂಡಿನ ವೈದ್ಯರು ಸಕ್ಕರೆ ಕಾಯಿಲೆಯವರ ಅಂಗಾಲಿನ ಜಡ್ಡು ತೆಗೆದು ಅಳೆದು ನೋಡಿದಾಗ ಆ ಜಾಗದ ಮೇಲಿನ ಒತ್ತಡ ಸುಮಾರು ನಾಲ್ಕರಲ್ಲೊಂದು ಪಾಲು ಇಳಿದಿತ್ತು.

ನೋವಿಲ್ಲದ ಕಾಲಿನ ಕಷ್ಟವನ್ನು ಮೊದಲು ಸರಿಯಾಗಿ ಓದಿದವರಲ್ಲಿ ಒಬ್ಬರು ಡಾ. ಪಾಲ್ ಬ್ರಾಂಡ್. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ. ಕುಷ್ಠರೋಗಿಗಳ ಕಾಲಿನ ಹುಣ್ಣು ರೋಗ ಮಾಂಸ ತಿಂದದ್ದರಿಂದ ಆದದ್ದಲ್ಲ, ನೋವು ಗೊತ್ತಾಗದೆ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಭಾರ ಹಾಕಿ ನಡೆದದ್ದರಿಂದ ಆದದ್ದು ಎಂದು ಅವರು ತೋರಿಸಿಕೊಟ್ಟರು. ನಮಗೆಲ್ಲ ಕಾಲು ನೊಂದ ಕೂಡಲೇ ಹೆಜ್ಜೆ ಸ್ವಲ್ಪ ಬದಲಾಗುತ್ತದೆ, ಅವರಿಗೆ ಬದಲಾಗುವುದಿಲ್ಲ. ಅಂಥವರಿಗಾಗಿ ಸಣ್ಣ ಸಣ್ಣ ಗಾಳಿಗೂಡುಗಳ ಮೆತ್ತನೆ ರಬ್ಬರಿನ ಚಪ್ಪಲಿ, ಎಂಸಿಆರ್ ಚಪ್ಪಲಿ, ವೆಲ್ಲೂರಿನಲ್ಲಿ ರೂಪುಗೊಂಡಿತು. ಈಗ ಸಕ್ಕರೆ ಕಾಯಿಲೆಯವರಿಗೂ ಅದನ್ನೇ ಬರೆದುಕೊಡುತ್ತಾರೆ.

ಬದಲಾವಣೆ ಆಗಿಲ್ಲ ಅನ್ನುವಂತಿಲ್ಲ. ಉದ್ಯಮಬಾಗದ ಬಹಳ ಕಡೆ ಕುಪೋಲಾ ಹೋಗಿ ಕರೆಂಟಿನ ಇಂಡಕ್ಷನ್ ಭಟ್ಟಿ ಬಂದಿದೆ. ಉಕ್ಕಿನ ಟೋಪಿಯ ಬದಲು ಹಗುರ ಕಾಂಪೊಸಿಟ್ ಟೋಪಿಯ ಬೂಟು ಸಿಗುತ್ತದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021-22ರಲ್ಲಿ ದೇಶದ ಬೇರೆ ಬೇರೆ ಭಾಗಗಳ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ನಮ್ಮವರ ಪಾದ ಸಾಮಾನ್ಯವಾಗಿ ಅಗಲ ಎಂದು ಕಂಡು, ‘ಭಾ’ ಎಂಬ ಹೆಸರಿನ ಸ್ವದೇಶಿ ಅಳತೆಯ ಪದ್ಧತಿಯನ್ನು ಮುಂದಿಟ್ಟಿದೆ. ಅಷ್ಟು ವರ್ಷ ನಾವು ಇನ್ನೊಬ್ಬರ ಪಾದದ ಲೆಕ್ಕದಲ್ಲಿ ನಡೆದೆವು ಎನ್ನಲು ಇಷ್ಟು ಸಾಕು. ಆದರೆ ಫೌಂಡ್ರಿಗಳಲ್ಲಿ ಈಗ ಬಿಹಾರ, ಒಡಿಶಾ ಕಡೆಯ ಗುತ್ತಿಗೆ ಹುಡುಗರೂ ಇದ್ದಾರೆ, ಅವರಿಗೆ ಬೂಟು ಗುತ್ತಿಗೆದಾರ ಕೊಟ್ಟಷ್ಟು, ಕೊಟ್ಟ ನಂಬರು. ಅಳಿಯನ ಗೋದಾಮಿನಲ್ಲಿ ಹೆಣ್ಣುಮಕ್ಕಳು ಬಹಳ. ಅವರಿಗೆ ಕೊಡುವುದು ಗಂಡಸರ ಬೂಟಿನದೇ ಚಿಕ್ಕ ನಂಬರು. ಹೆಂಗಸರ ಹಿಮ್ಮಡ ಸಾಮಾನ್ಯವಾಗಿ ಕಿರಿದು, ಹಾಗಾಗಿ ಅವರ ಕಾಲು ಅದರಲ್ಲಿ ಜಾರುತ್ತಲೇ ಇರುತ್ತದೆ.

ಮೇಸ್ತ್ರಿಯನ್ನು ಮಾಮಾ ಕೊನೆಯ ಸಲ ಕಂಡದ್ದು ಅನಗೋಳದ ಅವರ ಮನೆಯಲ್ಲಿ. ಅಷ್ಟು ಹೊತ್ತಿಗೆ ಅವರಿಗೆ ಎಂಸಿಆರ್ ಚಪ್ಪಲಿ ಬಂದಿತ್ತು. ಬಾಗಿಲಲ್ಲೇ ಅದನ್ನು ತೋರಿಸಿ ಬೈಯಲು ಶುರು ಮಾಡಿದರು. ದವಾಖಾನೆಯವರು ಕಾಗದದ ಮೇಲೆ ಕಾಲಿಡಿಸಿ ಪೆನ್ಸಿಲಿನಿಂದ ಗೀಟು ಹೊಡೆದರಂತೆ, ಎರಡು ಕಾಲಿಗೂ ಬೇರೆ ಬೇರೆ. “ನಮ್ಮಪ್ಪ ಸತ್ತ ಮ್ಯಾಲ ನನ್ನ ಕಾಲಿನ ಅಳತಿ ಯಾರೂ ತಗೊಂಡಿರಲಿಲ್ಲ ನೋಡು.” ಅಳತೆ ಸರಿಯಿತ್ತು, ಅದರ ಬಗ್ಗೆ ತಕರಾರಿಲ್ಲ. ತಕರಾರು ನೋಟದ್ದು. ಓಣಿಯವರು ಅದನ್ನು ನೋಡಿದ ಕೂಡಲೇ ಇದು ಕುಷ್ಠದವರ ಚಪ್ಪಲಿ ಎಂದು ಗುರುತು ಹಿಡಿಯುತ್ತಿದ್ದರು, ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟಿದ್ದನಂತೆ. ಆಮೇಲೆ ಅವರು ಅದನ್ನು ಖಡೇಬಜಾರಿನ ಒಬ್ಬ ಚಪ್ಪಲಿ ಹೊಲಿಯುವವನ ಹತ್ತಿರ ಒಯ್ದು, ಅಟ್ಟೆ ಮುಟ್ಟದೆ, ಮೇಲಿನ ಪಟ್ಟಿಗಳನ್ನಷ್ಟೇ ಕಂದು ತೊಗಲಿನಲ್ಲಿ, ಕೊಲ್ಹಾಪುರಿಯ ಹೆಣಿಗೆ ಹಾಕಿಸಿ ಹೊಲಿಸಿಕೊಂಡು ಬಂದಿದ್ದರು. ಒಳಪಟ್ಟಿಯ ಹೊಲಿಗೆಯ ಗಂಟು ಕಾಲಿಗೆ ತಾಗುತ್ತದೆಯೇ ಎಂದು ಮಾಮಾ ಬೆರಳಿಟ್ಟು ತಡವಿ ನೋಡಿದ. ತಾಗುತ್ತಿತ್ತು. ಹೇಳಿದಾಗ ಮೇಸ್ತ್ರಿ ಹೆಂಡತಿಯನ್ನು ಕೂಗಿ ಸುತ್ತಿಗೆ ತರಿಸಿ, ಚಪ್ಪಲಿಯನ್ನು ಹೊಸ್ತಿಲ ಮೇಲಿಟ್ಟು, ಗಂಟು ಚಪ್ಪಟೆಯಾಗುವ ತನಕ ತಾವೇ ಬಡಿದರು. “ಎಷ್ಟು ತಗೊಂಡ ಅಂತೀ ಇದಕ್ಕ? ನೂರಾ ಇಪ್ಪತ್ತು. ದುಬಾರಿ ಆತಲ್ಲ?” ಎಂದು ಕೇಳುತ್ತ, ಇನ್ನೊಂದು ಚಪ್ಪಲಿಗೆ ಕೈ ಹಾಕಿದರು.